ಅಜ್ಜನ ಕ್ಯಾಮೆರಾಕ್ಕೆ ಮಂಜು ಹಿಡಿಸಿದ್ದು ಯಾರು

ಚರ್ಮದ ಚೀಲದ ಗುಂಡಿ ಬಿಚ್ಚುತ್ತಲೇ ಹಳೆಯ ಚರ್ಮ, ಯಂತ್ರದ ಎಣ್ಣೆ, ಟ್ರಂಕಿನಲ್ಲಿಡುವ ಡಾಂಬರು ಗುಳಿಗೆ ಮೂರೂ ಬೆರೆತ ವಾಸನೆ ಮೂಗಿಗೆ ಬಡಿಯಿತು. ಗಜೇಂದ್ರಗಡದ ನಮ್ಮ ಮನೆಯ ಪಡಸಾಲೆಯೇ ಎದ್ದು ಬಂದು ಎದುರಿಗೆ ಕೂತಂತಾಯಿತು. ಆ ಮನೆ ಈಗಿಲ್ಲ. ಅಲ್ಲಿ ಯಾರೋ ಮಳಿಗೆ ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದಾರೆ. ಅಜ್ಜ ಅರಿವೆ ವ್ಯಾಪಾರಿ, ಜೊತೆಗೆ ಫೋಟೋದ ಹುಚ್ಚು. ಅವನ ಕ್ಯಾಮೆರಾ ಉಳಿದು ರೋಣದ ನನ್ನ ಮನೆ ಸೇರಿದೆ. ಮಸೂರದ ತುಂಬ ಅಕ್ಕಿ ತೊಳೆದ ನೀರಿನಂಥ ಮಂಜು. ಹುಬ್ಬಳ್ಳಿಗೆ ಒಯ್ದು ರಿಪೇರಿಗೆ ಕೊಡಬಹುದಿತ್ತು. ಆದರೆ ಒಳ್ಳೆಯ ಗಾಜು ಇಟ್ಟುಕೊಂಡು ಮತ್ತೊಂದನ್ನು ಕೂರಿಸಿ ಕೊಟ್ಟರೆ? ನಗಬೇಡಿ, ನಾನು ಬೆಳೆದ ಮನೆಯೇ ಅಂಥದ್ದು. ಹಾಲು ಒಡೆದರೆ ಯಾರು ಮುಟ್ಟಿದರು, ಬೆಕ್ಕು ಓಡಿಹೋದರೆ ಯಾರು ಬೈದರು ಎಂದು ಮೊದಲು ವಿಚಾರಣೆ ನಡೆಯುತ್ತಿತ್ತು. ಹೀಗಾಗಿ ಮಸೂರ ತೊಳೆಯುವ ಕೆಲಸವನ್ನು ನಾನೇ ಹಚ್ಚಿಕೊಂಡೆ.

ಈ ಮಂಜಿನ ಸಲುವಾಗಿಯೇ ನಮ್ಮ ಮನೆ ಒಡೆಯಿತು ಎಂದರೆ ನಂಬುತ್ತೀರೋ ಇಲ್ಲವೋ. ನಾನು ಚಿಕ್ಕವಳಿದ್ದಾಗ ಸಣ್ಣತ್ತೆಯ ಮದುವೆಯಾಯಿತು. ಅಜ್ಜ ಆಸೆಪಟ್ಟು ತಾನೇ ಫೋಟೋ ತೆಗೆದ. ತೊಳೆಸಿಕೊಂಡು ಬಂದರೆ ಮದುಮಕ್ಕಳಿಬ್ಬರೂ ಹೊಗೆಯೊಳಗೆ ನಿಂತಂತಿದ್ದರು. ಅಜ್ಜ ಕೂಗಾಡಲಿಲ್ಲ. “ಗಾಜು ಯಾರೋ ಕೆಡಿಸ್ಯಾರ” ಎಂದು ಒಂದೇ ಮಾತು ಹೇಳಿ ಅಂಗಡಿಗೆ ಹೋದ. ಅಷ್ಟು ಸಾಕಾಯಿತು. ಅವ್ವನ ಸಂಶಯ ಕಾಕುವಿನ ಮೇಲೆ, ಎಂದರೆ ನನ್ನ ಚಿಕ್ಕಪ್ಪನ ಹೆಂಡತಿಯ ಮೇಲೆ. ಉಂಡಿ ಕಟ್ಟುತ್ತಿದ್ದ ಜಿಡ್ಡುಗೈಯಲ್ಲೇ ಅವಳು ಜಕ್ಕಲಿಯ ತನ್ನ ತವರಿನವರಿಗೆ ಕ್ಯಾಮೆರಾ ತೋರಿಸಿದ್ದಳಂತೆ. ಕಾಕುವಿನ ಸಂಶಯ ಅವ್ವನ ಮೇಲೆ, ಏಕೆಂದರೆ ಕ್ಯಾಮೆರಾ ಇಡುವ ಟ್ರಂಕಿನ ಕೀಲಿ ಅವ್ವನ ಸೊಂಟದಲ್ಲಿರುತ್ತಿತ್ತು. ಅಲ್ಲಿಯವರೆಗೆ ಇಬ್ಬರೂ ಒಂದೇ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದರು. ಒಬ್ಬಳು ಬಡಿಯುವುದು, ಒಬ್ಬಳು ಬೇಯಿಸುವುದು, ನಡುವೆ ಬಿಸಿ ರೊಟ್ಟಿಗೆ ಬೆಣ್ಣೆ ಸವರಿ ನಮ್ಮ ಕೈಗಿಡುವುದು. ಮುಂದೆ ಒಲೆ ಎರಡಾದವು. ಆಮೇಲೆ ಕಾಕಾ ಪಾಲಿಗೆ ಬಂದ ಹೊಲ ನೋಡಿಕೊಂಡು ರಾಜೂರಿಗೆ ಹೋದ. ದಸರೆಗೆ ಅವನು ಬನ್ನಿ ಕೊಡಲು ಬಂದರೂ ಅವ್ವ ಆ ಎಲೆಗಳನ್ನು ತಿರುವಿ ಮುರುವಿ ನೋಡಿಯೇ ದೇವರ ಮುಂದಿಡುತ್ತಿದ್ದಳು. ಕಾಕು ಮಾತ್ರ ಮತ್ತೆ ನಮ್ಮ ಹೊಸ್ತಿಲು ತುಳಿಯಲಿಲ್ಲ.

ಮೇಲಿನ ಗಾಜನ್ನು ಸ್ಪಿರಿಟ್ ಹಚ್ಚಿದ ಅರಳೆಯಿಂದ ಒರೆಸಿದೆ. ಮಂಜು ಕದಲಲಿಲ್ಲ. ಹಿಂದಿನಿಂದ ಮೊಬೈಲಿನ ಬೆಳಕು ಬಿಟ್ಟು ನೋಡಿದರೆ ಅದು ಇದ್ದದ್ದು ಗಾಜಿನ ಒಳಮೈಗೆ. ಸೈಕಲ್ ಟ್ಯೂಬಿನ ತುಂಡು ಸುತ್ತಿ ಮಸೂರದ ಅಂಚಿನ ಉಂಗುರ ತಿರುವಿದಾಗ ಮುಂದಿನ ಗಾಜು ಕಳಚಿ ಬಂತು. ಬೆಳಕನ್ನು ಹಿಗ್ಗಿಸಿ ಕುಗ್ಗಿಸುವ ತೆಳು ತಗಡುಗಳ ಮೇಲೆ ಎಣ್ಣೆ ಮಿನುಗುತ್ತಿತ್ತು. ಎಣ್ಣೆಯಲ್ಲಿ ಕುಂಕುಮದ ಕಣಗಳು ಅಂಟಿಕೊಂಡಿದ್ದವು. ಸುಳ್ಳೇಕೆ, ನನಗೂ ಮೊದಲು ಹೊಳೆದದ್ದು ಕಾಕುವಿನ ಹೆಸರೇ, ಏನೋ ಮಾಡಿಸಿದ್ದಾಳೆ ಎಂದು. ಆಮೇಲೆ ಖಂಡೇಪೂಜೆ ನೆನಪಾಯಿತು. ಮಹಾನವಮಿಯ ದಿನ ಅಜ್ಜ ಮನೆಯ ಕಬ್ಬಿಣವನ್ನೆಲ್ಲ ಕಂಬಳಿಯ ಮೇಲೆ ಹರವುತ್ತಿದ್ದ. ಕತ್ತರಿ, ಗಜಕೋಲು, ಬೀಗ, ಕುಡುಗೋಲು. ಒಂದೊಂದಕ್ಕೂ ಎಣ್ಣೆ ಬಿಟ್ಟು, ಒರೆಸಿ, ಕುಂಕುಮ ಏರಿಸುವನು. ಕ್ಯಾಮೆರಾವೂ ಆ ಸಾಲಿನಲ್ಲಿರುತ್ತಿತ್ತು. ಅದು ಮುನಿಸಿಕೊಳ್ಳಬಾರದೆಂದು ಸಣ್ಣ ಕೀಲಿನ ಸಂದಿಗೆ ಭಕ್ತಿಯಿಂದ ಒಂದು ಹನಿ ಬಿಡುತ್ತಿದ್ದ. ನಮ್ಮ ಬೇಸಿಗೆಗಳಲ್ಲಿ ಆ ಎಣ್ಣೆ ಕಾದು, ಆವಿಯಾಗಿ, ಗಾಜಿಗೆ ಕೂತಿದೆ. ಯಾರೂ ಏನೂ ಕೆಡಿಸಿರಲಿಲ್ಲ! ಅಜ್ಜನ ಮೇಲೆ ಸಿಟ್ಟು ಬಂತು, ಅಳುವೂ ಬಂತು. ಅವ್ವ ಹೋದ ವರ್ಷವಷ್ಟೇ ತೀರಿಕೊಂಡಿದ್ದಳು, ಕಾಕುವನ್ನು ಕಡೆಯವರೆಗೂ ಸಂಶಯಿಸುತ್ತಲೇ. ಉಳಿದ ಕಾಕುವಿನ ಮನಸ್ಸಿನಲ್ಲಾದರೂ ಅವ್ವನ ಹೆಸರು ಸ್ವಚ್ಛವಾಗಲಿ ಎಂದು ಬಿಚ್ಚಿದ ಮಸೂರವನ್ನು ತಗಡುಗಳ ಸಮೇತ ಒರೆಸದೆ ಹಾಗೇ ಡಬ್ಬಿಯಲ್ಲಿಟ್ಟುಕೊಂಡು ಮರುದಿನ ರಾಜೂರಿನ ಬಸ್ಸು ಹತ್ತಿದೆ.

ಕಾಕು ಕಟ್ಟೆಯ ಮೇಲೆ ಕೂತು ಹೆಸರುಕಾಳು ಹಸನು ಮಾಡುತ್ತಿದ್ದಳು. ಕೂದಲೆಲ್ಲ ಬೆಳ್ಳಗಾಗಿತ್ತು, ಕಣ್ಣಿನ ಮೊನಚು ಮಾತ್ರ ಹೋಗಿರಲಿಲ್ಲ. ನಾನು ಎಣ್ಣೆ ತೋರಿಸಿದೆ, ಕುಂಕುಮ ತೋರಿಸಿದೆ, ಖಂಡೇಪೂಜೆ ನೆನಪಿಸಿದೆ. ಅವಳು ಮಸೂರವನ್ನು ಬಿಸಿಲಿಗೆ ಹಿಡಿದಳು, ಮೂಸಿದಳು, ಉಗುರಿನಿಂದ ಕುಂಕುಮ ಕೆದರಿದಳು.

“ಇದನ್ನ ನೀನ ಹಚ್ಚಿಕೊಂಡ ಬಂದಿಲ್ಲಂತ ಹ್ಯಾಂಗ ನಂಬಲಿ?” ಎಂದಳು.

ನನಗೆ ಮೈಯೆಲ್ಲ ಉರಿಯಿತು. ಸತ್ತವಳ ಹೆಸರಿಗೂ ಬಿಡುಗಡೆಯಿಲ್ಲವೇ ಎಂದು ಕೇಳಿಯೇಬಿಡಬೇಕೆಂದಿದ್ದೆ. ಅಷ್ಟರಲ್ಲಿ ಅವಳು ಮಸೂರವನ್ನು ನನ್ನ ಉಡಿಯಲ್ಲಿಟ್ಟು ಬೇರೆ ಕಡೆ ಮುಖ ತಿರುಗಿಸಿದಳು.

“ನಿಮ್ಮವ್ವನ ಮಾಡಿರಬೇಕವಾ,” ಎಂದಳು ಮೆಲ್ಲಗೆ. “ಮಾಡಿಲ್ಲಂದ್ರ, ಅಕಿ ಮಣ್ಣಿಗೂ ನಾ ಬರ್ಲಿಲ್ಲಲ್ಲ. ಅದನ್ನೇನ ಮಾಡ್ಲಿ?”

ಅವ್ವನ ಹೆಸರು ತೊಳೆಯಲೆಂದೇ ಹೋದವಳು ನಾನು. ಪುರಾವೆ ಉಡಿಯಲ್ಲೇ ಇತ್ತು.

“ಇರಬೌದು ಕಾಕು,” ಎಂದೆ. “ಅವ್ವನ ಮಾಡಿರಬೌದು.”

ಕಾಕು ತಲೆಯಾಡಿಸಿ, ಸೆರಗಿನಿಂದ ಕಣ್ಣೊರೆಸಿಕೊಂಡು, ನನಗೆ ಚಹಾ ಇಡಲು ಒಳಗೆ ಹೋದಳು.