ಐದನೆಯ ಗುದ್ದು

ಮೈಮೇಲೆ ದೇವರು ಬರುವುದನ್ನು ನಾನು ಎಂದೂ ನಂಬಿದವಳಲ್ಲ. ನಮ್ಮ ದೊಡ್ಡಮ್ಮನ ಮೈಮೇಲೆ ಎಲ್ಲಮ್ಮ ಬರುತ್ತಿದ್ದಳು. ಸೊಸೆಯಂದಿರು ಮಾತು ಕೇಳದ ವಾರ ಮಾತ್ರ ಬರುತ್ತಿದ್ದಳು ಎಂಬುದನ್ನು ನಾನು ಲಂಗ ಹಾಕುವ ವಯಸ್ಸಿನಲ್ಲೇ ಪತ್ತೆ ಮಾಡಿದ್ದೆ. ಕೈಕಾಲು ನಮ್ಮವು, ನಾವು ಹೇಳಿದರೆ ಆಡುತ್ತವೆ, ಇಲ್ಲದಿದ್ದರೆ ತೆಪ್ಪಗಿರುತ್ತವೆ. ಇಷ್ಟು ಸರಳ ವಿಷಯಕ್ಕೆ ಜನ ಯಾಕೆ ತಲೆ ಕೆಡಿಸಿಕೊಳ್ಳುತ್ತಾರೋ ಎಂದುಕೊಂಡಿದ್ದೆ. ಈಗ ನನ್ನದೇ ತಲೆ ಕೆಟ್ಟಿದೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೂರು ವರ್ಷದ ಹಿಂದಿನ ಮಾತು. ವಿಮಾನ ನಗರದ ನಮ್ಮ ಆಫೀಸಿನಲ್ಲಿ ನೌಕರರ ಮನಸ್ಸು ಹಗುರವಾಗಲಿ ಎಂದು ಒಂದು ಶುಕ್ರವಾರ ಊಟದ ನಂತರ ಶಿಬಿರ ಇಟ್ಟರು. ಮನಸ್ಸು ಹಗುರವಾಗಬೇಕಿದ್ದರೆ ಅರ್ಧ ದಿನ ರಜೆ ಕೊಟ್ಟಿದ್ದರೆ ಸಾಕಿತ್ತು. ಮೀಟಿಂಗ್ ರೂಮಿನ ಕುರ್ಚಿಗಳನ್ನು ಗೋಡೆಗೆ ಸರಿಸಿ, ಚಪ್ಪಲಿ ಬಿಡಿಸಿ, ಐವತ್ತು ದಾಟಿದ ನನ್ನನ್ನೂ ಹುಡುಗರ ಜೊತೆ ಸಾಲಿನಲ್ಲಿ ನಿಲ್ಲಿಸಿದರು. ಕಲಿಸಲು ಬಂದವನು ಕೂದಲನ್ನು ನೆತ್ತಿಯ ಮೇಲೆ ಗಂಟು ಕಟ್ಟಿದ್ದ ಯುವಕ. ಮುಂಚಿತವಾಗಿ ಏನೂ ಯೋಚಿಸದೆ, ಆ ಕ್ಷಣಕ್ಕೆ ಮೈಗೆ ತೋಚಿದ್ದನ್ನು ಮಾಡಬೇಕಂತೆ. ಹಾಗೆ ಮಾಡುವಾಗ ತಲೆಯೊಳಗಿನ ಕಾವಲುಗಾರ ಪಕ್ಕಕ್ಕೆ ಸರಿಯುತ್ತಾನಂತೆ, ಆಗ ಮೈ ತಾನು ಬಚ್ಚಿಟ್ಟದ್ದನ್ನು ಹೊರಗೆ ಹಾಕುತ್ತದಂತೆ. ನನ್ನ ಮೈ ಮನೆಗೆ ಹೋಗೋಣ ಎನ್ನುತ್ತಿತ್ತು. ಅದನ್ನು ಮಾಡಲು ಅವನು ಬಿಡಲಿಲ್ಲ.

ಕೊನೆಗೆ ಇಬ್ಬಿಬ್ಬರನ್ನು ಎದುರುಬದುರು ನಿಲ್ಲಿಸಿ, ಕಣ್ಣು ಮುಚ್ಚಿಸಿ, ಒಬ್ಬರಿಗೊಬ್ಬರು ಏನನ್ನಾದರೂ ಕೊಟ್ಟು ತೆಗೆದುಕೊಳ್ಳಿ ಎಂದ. ನನಗೆ ಜೋಡಿಯಾದವಳು ಗುರ್ಲೀನ್ ಎಂಬ ಪಂಜಾಬಿ ಹುಡುಗಿ, ಕೆಲಸಕ್ಕೆ ಸೇರಿ ತಿಂಗಳಾಗಿತ್ತಷ್ಟೆ. ಅವಳ ಕೈ ನನ್ನ ಕೈಗೆ ತಗುಲಿತು. ನಾನು ಬಗ್ಗಿ, ಯಾವುದರದೋ ಕೆಳಗಿನಿಂದ ತೆಗೆದುಕೊಂಡಂತೆ ಏನನ್ನೋ ತೆಗೆದುಕೊಂಡೆ. ಮೇಲಿನಿಂದ ತಿರುಗಿ ಕೊಟ್ಟೆ. ಮತ್ತೆ ಕೆಳಗಿನಿಂದ ಬಂತು, ಮತ್ತೆ ಮೇಲಿನಿಂದ ಹೋಯಿತು. ಮೂರನೆಯ ಸಲಕ್ಕೆ ನನ್ನ ಎಡಗೈ ತಾನಾಗಿ ಬಾಗಿ ಒಂದು ಪುಟ್ಟ ಕುತ್ತಿಗೆಗೆ ಆಸರೆ ಕೊಟ್ಟಿತ್ತು. ತೂಕ ಕೂಡ ಇತ್ತು, ಸುಳ್ಳು ಹೇಳುವುದಿಲ್ಲ. ಆಗ ನಾನು ಮಾಡುತ್ತಿರುವುದೇನೆಂದು ನನಗೇ ತಿಳಿಯಿತು.

ನಮ್ಮ ಕಡೆ ಕೂಸನ್ನು ತೊಟ್ಟಿಲಿಗೆ ಹಾಕುವಾಗ ಇಬ್ಬರು ಹೆಂಗಸರು ಆಚೀಚೆ ನಿಂತು ಹೀಗೇ ಮಾಡುತ್ತಾರೆ. ಒಬ್ಬಳು ತೊಟ್ಟಿಲ ಕೆಳಗಿನಿಂದ ಕೂಸನ್ನು ಕೊಡುತ್ತಾಳೆ, ಇನ್ನೊಬ್ಬಳು ಮೇಲಿನಿಂದ ಹಿಂತಿರುಗಿಸುತ್ತಾಳೆ. ಆಮೇಲೆ ಸೋದರತ್ತೆ ಬಗ್ಗಿ ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳಬೇಕು. ಹೇಳುತ್ತಿದ್ದಂತೆ ಉಳಿದ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ನನಗಿರುವುದು ಒಬ್ಬನೇ ತಮ್ಮ, ಬಾರಾಮತಿಯ ಗಿರೀಶ. ಅವನ ಒಬ್ಬಳೇ ಮಗಳ ತೊಟ್ಟಿಲಿಗೆ ನಾನು ಹೋಗಿರಲಿಲ್ಲ. ಸೋದರತ್ತೆಯನ್ನು ಮನೆಗೆ ಬಂದು ಕುಂಕುಮ ಹಚ್ಚಿ ಕರೆಯಬೇಕೋ ಬೇಡವೋ? ಇವರು ಊರಿಗೆಲ್ಲ ಕಳಿಸಿದ ಹಳದಿ ಬಾತುಕೋಳಿಯ ಆಮಂತ್ರಣದ ಚಿತ್ರವನ್ನೇ ನನ್ನ ವಾಟ್ಸಾಪಿಗೂ ಕಳಿಸಿದ್ದರು. ನಾನು ಉತ್ತರ ಕೊಡಲಿಲ್ಲ, ಅವರು ಮತ್ತೆ ಕರೆಯಲಿಲ್ಲ. ಹನ್ನೊಂದು ವರ್ಷ ಮಾತಿಲ್ಲ ಕತೆಯಿಲ್ಲ. ಆ ಮಗುವಿನ ಮುಖವನ್ನೇ ನಾನು ನೋಡಿರಲಿಲ್ಲ.

ಅಂಥ ನಾನು ಶಿಬಿರದ ಅಷ್ಟು ಜನರ ನಡುವೆ ಬಗ್ಗಿದೆ. ಬಾಯಿಂದ ಕುರ್ರ್ ಎಂಬ ಸದ್ದು ಬಂತು. ಕೂಡಲೇ ಬೆನ್ನಿಗೆ ಗುದ್ದು ಬಿತ್ತು. ಒಂದರ ಹಿಂದೆ ಒಂದು ನಾಲ್ಕು. ಮುಗಿಯಿತೆಂದು ನೆಟ್ಟಗಾಗುವಷ್ಟರಲ್ಲಿ, ಕೊಂಚ ತಡೆದು, ಎಡಭುಜದ ಕೆಳಗೆ ಐದನೆಯದು, ಉಸಿರು ಸಿಕ್ಕಿಕೊಳ್ಳುವಷ್ಟು ಜೋರಾಗಿ. ಯಾವನವನು ಎಂದು ರೇಗಿ ತಿರುಗಿದೆ. ಹಿಂದೆ ಕಿಟಕಿಯ ಗಾಜು ಬಿಟ್ಟರೆ ಏನೂ ಇರಲಿಲ್ಲ.

ವಿವರಣೆಗೇನು ಬರ? ಮೈಗೆ ನೆನಪಿರುತ್ತದೆ ಮೇಡಂ ಎಂದ ಗಂಟುಕೂದಲಿನವನು, ಎಲ್ಲ ಕಂಡವನ ಹಾಗೆ. ಗುರ್ಲೀನಳಿಗೆ ತೊಟ್ಟಿಲೂ ಗೊತ್ತಿಲ್ಲ, ಕುರ್ರೂ ಗೊತ್ತಿಲ್ಲ. ನಾವಿಬ್ಬರೂ ಕಲ್ಲಂಗಡಿ ಆಡಿಸುತ್ತಿದ್ದೇವೆ ಎಂದುಕೊಂಡಿದ್ದಳಂತೆ. ಮನೆಯಲ್ಲಿ ನಮ್ಮ ಯಜಮಾನರು ಗ್ಯಾಸ್ ಇರಬೇಕು ಎಂದು ಜೀರಿಗೆ ನೀರು ಕುದಿಸಿ ಕೊಟ್ಟರು. ಆಫೀಸಿನವರು ತೆಗೆದ ವಿಡಿಯೊವನ್ನು ಎಷ್ಟು ಸಲ ನೋಡಿದರೂ ನನ್ನ ಬೆನ್ನು ನಾಲ್ಕು ಸಲ ಅದುರುತ್ತದೆ, ನಿಲ್ಲುತ್ತದೆ, ಇನ್ನೊಮ್ಮೆ ಅದುರುತ್ತದೆ. ಹಿಂದೆ ಯಾರೂ ಇಲ್ಲ. ನಡೆದದ್ದನ್ನು ಮೈ ನೆನಪಿಟ್ಟುಕೊಳ್ಳುತ್ತದೆ, ಒಪ್ಪಿದೆ. ಆದರೆ ನಾನು ಜನ್ಮದಲ್ಲಿ ಒಮ್ಮೆಯೂ ಆ ಗುದ್ದು ತಿಂದವಳಲ್ಲವಲ್ಲ! ನಡೆಯದೇ ಹೋದದ್ದರ ನೆನಪು ಎಲ್ಲಿಂದ ಬರಬೇಕು?

ಎರಡು ರಾತ್ರಿ ನಿದ್ದೆ ಬರಲಿಲ್ಲ. ನನ್ನನ್ನು ಒಂದು ಮಾತೂ ಕೇಳದೆ ನನ್ನ ಮೈ ತಾನೇ ರಾಜಿಗೆ ಹೋಗಿಬಿಟ್ಟಿತ್ತು. ಇನ್ನು ನಾನೊಬ್ಬಳೇ ಹಟ ಹಿಡಿದು ಕೂತು ಮಾಡುವುದೇನು? ಭಾನುವಾರ ಬೆಳಗ್ಗೆ ಬಾರಾಮತಿಯ ಬಸ್ಸು ಹತ್ತಿದೆ. ಬಾಗಿಲು ತೆರೆದವಳು ಗಿರೀಶನ ಹೆಂಡತಿ ಸುಮಾ.

"ಬರ್ರಿ ಅಕ್ಕಾರ. ಈಗ ದಾರಿ ಸಿಕ್ತೇನ್ರಿ?" ಎಂದಳು. ಅವಳ ಹಿಂದೆ ಎರಡು ಜಡೆಯ ಹುಡುಗಿ ಇಣುಕುತ್ತಿದ್ದಳು, ಥೇಟ್ ನಮ್ಮವ್ವನ ಮೂಗು. ಗಿರೀಶ ಪೇಪರಿನಿಂದ ಮುಖ ಎತ್ತಲಿಲ್ಲ, ಆದರೆ ಪುಟವನ್ನೂ ತಿರುವಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಸುಮಾ ಹೇಳಿದಳು: "ಅವತ್ತ ಇಕಿ ಕಿವ್ಯಾಗ ಯಾರೂ ಕುರ್ ಅನ್ನಲಿಲ್ರಿ. ಆ ಜಾಗಾ ನಿಮ್ದು ಅಂತ ಹಂಗ ಬಿಟ್ಟೀವಿ."

ಹನ್ನೊಂದು ವರ್ಷ ಖಾಲಿ ಬಿಟ್ಟಿದ್ದರು. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ನನ್ನ ಮೇಲೆ ನನಗೇ ಸಿಟ್ಟು ಬಂತು. ಹುಡುಗಿಯನ್ನು ಹತ್ತಿರ ಎಳೆದುಕೊಂಡು ಅವಳ ಕಿವಿಯಲ್ಲಿ ಕುರ್ರ್ ಎಂದು, ತನ್ವಿ ಎಂದು ಅವಳದೇ ಹೆಸರು ಹೇಳಿದೆ. ಕಚಗುಳಿಯಾಗಿ ಅವಳು ಕಿಲಕಿಲ ನಕ್ಕಳು. ಹಿಂದಿನಿಂದ ಸುಮಾ ಗುದ್ದತೊಡಗಿದಳು. ಒಂದರ ಹಿಂದೆ ಒಂದು ನಾಲ್ಕು. ಮುಗಿಯಿತೆಂದು ನಾನು ನೆಟ್ಟಗಾಗುತ್ತಿದ್ದೆ. ಕೊಂಚ ತಡೆದು, ಎಡಭುಜದ ಕೆಳಗೆ, ಉಸಿರು ಸಿಕ್ಕಿಕೊಳ್ಳುವಂತೆ ಇನ್ನೊಂದು ಹಾಕಿದಳು.

"ಆ ನಾಕು ಶಾಸ್ತ್ರದ್ದು ಅಕ್ಕಾರ. ಇದು ನಂದು," ಎಂದು ಅಳುತ್ತಾ ನನ್ನನ್ನು ತಬ್ಬಿಕೊಂಡಳು.

ಆ ವಿಡಿಯೊವನ್ನು ಸುಮಾ ನೋಡಿರಲಿಲ್ಲ. ಇವತ್ತಿಗೂ ನಾನು ತೋರಿಸಿಲ್ಲ, ತೋರಿಸಲು ಧೈರ್ಯವಿಲ್ಲ. ಅವಳು ಗುದ್ದಿದ್ದು ಬಾರಾಮತಿಯಲ್ಲಿ, ಭಾನುವಾರ. ವಿಮಾನ ನಗರದಲ್ಲಿ ನನ್ನ ಬೆನ್ನು ನೊಂದದ್ದು ಅದರ ಹಿಂದಿನ ಶುಕ್ರವಾರ. ಇದು ಹೇಗೆ ಎಂದು ತಿಳಿದವರು ಹೇಳಲಿ. ಮೈಗೆ ನೆನಪಿರುತ್ತದೆ ಎಂದು ಮಾತ್ರ ದಯವಿಟ್ಟು ಹೇಳಬೇಡಿ.