ಚಹಾ ಆರಿಸುವ ಉಸಿರು

ಬ್ಯಾಡಗಿಯೊಳಗ ಮೆಣಸಿನಕಾಯಿ ಸುಗ್ಗಿ ಜೋರಿದ್ದಾಗ ಯಾರಿಗೂ 'ಉಸಿರು ಪೂರಾ ಒಳಗ ಎಳಕೋರಿ' ಅಂತ ಹೇಳಬಾರದು. ನಮ್ಮ ಓಣಿ ಹೆಣ್ಮಕ್ಕಳಿಗೆ ಉಸಿರಾಟ ಕಲಸಾಕ ಹಾವೇರಿಯಿಂದ ಬಂದ ಮೇಡಂ ಅದನ್ನೇ ಹೇಳಿದರು. ಅವರದೇನೂ ತಪ್ಪಿಲ್ಲ. ಮೆಣಸಿನಕಾಯಿ ಪ್ಯಾಟಿ ಬಗಲಿನ ಸಭಾಭವನವನ್ನ ಗೊತ್ತು ಮಾಡಿದವರು ನಾವು. ಘಾಟು ನಮಗ ದಿನದ ಗಾಳಿ, ಒಬ್ಬರಿಗೂ ನೆನಪಾಗಲೇ ಇಲ್ಲ.

ಎಳಕೊಂಡೆವು ನೋಡ್ರಿ! ಮೊದಲ ಸಾಲಿನಿಂದ ಕಡೇ ಸಾಲಿನ ತನಕ ಕೆಮ್ಮು ಬೆಂಕಿ ಹತ್ತಿದಂಗ ಹಬ್ಬಿತು. ಮೇಡಂ ಕಣ್ಣಾಗೂ ನೀರು. ಆ ಗದ್ದಲದಾಗ ನನ್ನ ಬಾಜೂಕ ಯಾರೋ ನಕ್ಕರು. ನಮ್ಮಕ್ಕ!

ಅಕ್ಕ ನಕ್ಕು ಎಷ್ಟೋ ತಿಂಗಳಾಗಿತ್ತು. ರಾಣೆಬೆನ್ನೂರು ಹಾದಿಯಾಗ ಲಾರಿಯೊಂದು ಅವಳು ಕುಂತಿದ್ದ ಬೈಕಿಗೆ ಸವರಿಕೊಂಡು ಹೋದಾಗಿಂದ ಆಕಿ ಯಾವ ಗಾಡಿಯನ್ನೂ ಹತ್ತಿರಲಿಲ್ಲ. ಮೈಯಾಗಿನ ಗಾಯ ಮಾಯ್ದಿತ್ತು. ಹಾರ್ನ್ ಕೇಳಿದರ ಎದೆ ಮಾತ್ರ ಢವಢವ. ಈಗ ರಾಣೆಬೆನ್ನೂರಾಗ ಅಕ್ಕನ ಮಗಳು ಹಡೆದಿದ್ದಳು. ತೊಟ್ಟಿಲ ಕಾರ್ಯಕ್ಕ ಅವ್ವ ಹೋಗದಿದ್ದರ ಹೆಂಗ?

ಮೇಡಂ ಕಣ್ಣು ಒರಸಿಕೊಂಡು, ಎಳಕೊಳ್ಳೋದನ್ನ ಬಿಟ್ಟುಬಿಡ್ರಿ, ಹೊರಗ ಬಿಡೋದನ್ನಷ್ಟ ಸಾವಕಾಶ ಮಾಡ್ರಿ, ಒಳಗ ತಾನೇ ಬರತೈತಿ ಅಂದರು. ಅಂಜಿಕಿ ಅನಿಸಿದರ ಕಣ್ಣು ತೆರಕೊಂಡೇ ಇರ್ರಿ, ಸಾಕನಿಸಿದರ ನಿಲ್ಲಿಸ್ರಿ ಅಂತಲೂ ಅಂದರು. ಅಷ್ಟರಾಗ ಚಹಾ ಬಂತು. ಅಕ್ಕ ಕಪ್ಪಿನ ಕೆಳಗಿನ ಬಸಿಗೆ ಸುರುವಿಕೊಂಡು, ತುಳುಕದಂಗ, ಮ್ಯಾಲಿನ ಕೆನಿಯಷ್ಟ ಸರಿಯೂ ಹಂಗ ಊದಿದಳು. ಊದುತ್ತಾ ಊದುತ್ತಾ ಹೆಗಲು ಇಳಿಬಿಟ್ಟಳು.

"ಮೇಡಂ, ಇದ ಏನ್ರಿ ನೀವು ಹೇಳೂದು? ಇದನ್ನ ನಾ ಹುಟ್ಟಿದಾಗಿಂದ ಮಾಡಾಕತ್ತೇನಿ."

ಹೌದು, ಇದೇ, ಅಂತ ಮೇಡಂಗೆ ನಮಗಿಂತ ಹೆಚ್ಚು ಖುಷಿ. ಆತುರಕ್ಕ ಚಹಾ ಆರೂದಿಲ್ಲ ಅಂತ ನಮ್ಮಜ್ಜಿ ಸುಮ್ಮನ ಅಂತಿರಲಿಲ್ಲ!

ಮುಂದ ಅಕ್ಕನ ಕೈಯಾಗ ಬಸಿ ಇರಲಿ ಬಿಡಲಿ, ಊದೂದು ನಡದೇ ಇತ್ತು. ಮೊದಲ ಕಟ್ಟಿ ಮ್ಯಾಲೆ ಕುಂತು, ಆಮ್ಯಾಲೆ ಬಸ್‌ಸ್ಟ್ಯಾಂಡಿನಾಗ ನಿಂತು. ಒಂದಿನ ಹತ್ತಲಾರದೇ ಹೊಳ್ಳಿ ಬಂದೆವು. ಇರಲಿ, ಬಸ್ ಎಲ್ಲಿ ಓಡಿಹೋಗತೈತಿ ಅಂದಳು.

ತೊಟ್ಟಿಲ ದಿನ ಹತ್ತಿಯೇಬಿಟ್ಟಳು. ಕಿಟಕಿ ಕಡೆ ನನ್ನನ್ನ ಕುಂದ್ರಿಸಿ, ತಾನು ಈಚೆ ಕುಂತಳು. ಕದರಮಂಡಲಗಿ ದಾಟಿದ ಮ್ಯಾಲೆ ಲಾರಿಯೊಂದು ಬಗಲಿಗೇ ಬಂದು ಹಾರ್ನ್ ಹೊಡೀತು. ಅಕ್ಕ ನನ್ನ ತೋಳು ಚಿವುಟಿದಂಗ ಹಿಡಿದಳು. ಬಿಟ್ಟಳು. ಖಾಲಿ ಅಂಗೈಯನ್ನ ಬಸಿಯಂಗ ಮಾಡಿ ಮೆಲ್ಲಕ ಊದಾಕ ಹತ್ತಿದಳು.

ಕಂಡಕ್ಟರ್ ನೋಡಿದ. "ಯಾಕವ್ವಾ, ಕೈ ಸುಟ್ಟೈತೇನು?"

"ಇಲ್ಲೋ ತಮ್ಮಾ, ಚಹಾ ಆರಸಾಕತ್ತೇನಿ."

"ಹಂಗಾರ ನನಗೂ ಅರ್ಧಾ ಕಪ್ ಇಡ್ರಿ."

ಇಡೀ ಬಸ್ಸು ನಕ್ಕಿತು, ಅಕ್ಕನೂ ನಕ್ಕಳು. ನಗೂದ್ರಾಗ ಲಾರಿ ಮುಂದ ಹೋಗಿದ್ದು ನಾನೂ ನೋಡಲಿಲ್ಲ.

ರಾಣೆಬೆನ್ನೂರಾಗ ಇಳಿದ ಅಕ್ಕ ಸೀರಿ ನೆರಿಗಿ ಸರಿ ಮಾಡಿಕೊಂಡು, ಬಸ್ಸನ್ನ ಒಂದ್ಸಲ ಹಿಂದ ತಿರುಗಿ ನೋಡಿ ಅಂದಳು:

"ಹೊಳ್ಳಿ ಹೋಗೂಮುಂದ ಕಿಟಕಿ ನಂದು."