ಗೋಡೆಗೆ ನೇತುಹಾಕಿದ ಡಬ್ಬಿ

ಹಸು ತೇಗಿದರೆ ಭೂಮಿ ಬಿಸಿಯಾಗುತ್ತದೆ ಎಂದರೆ ಕಿಸಕ್ಕನೆ ನಗುವವರು ಈಗಲೂ ಇದ್ದಾರೆ. ನಗಲಿ. ಆ ತೇಗನ್ನು ಇಪ್ಪತ್ತೆರಡು ವರ್ಷ ಡಬ್ಬಿಯಲ್ಲಿ ಹಿಡಿದು, ಅಳೆದು, ಕಡಿಮೆ ಮಾಡುವ ದಾರಿ ಹುಡುಕಿದ ಒಬ್ಬ ಹೆಂಗಸಿನ ಕತೆ ಇದು. ಅವರ ಕೆಲಸ ಕದ್ದವನ ಕತೆಯೂ ಹೌದು. ಕದ್ದವನಿಗೆ ಕೊನೆಗೆ ಏನಾಯಿತು ಎನ್ನುವುದನ್ನು ಸ್ವಲ್ಪ ಚಪ್ಪರಿಸಿಕೊಂಡೇ ಬರೆಯುತ್ತೇನೆ. ಅದಕ್ಕೆ ಯಾರ ಕ್ಷಮೆಯೂ ಬೇಕಾಗಿಲ್ಲ.

ಪಶು ಸಂಶೋಧನಾ ಕೇಂದ್ರದಲ್ಲಿ ಅವರನ್ನು ಎಲ್ಲರೂ ಕರೆಯುವುದು ಡಬ್ಬಿ ಮೇಡಂ ಎಂದು. ಕಾರಣ ಸರಳ. ಒಳಗಿನ ಗಾಳಿಯನ್ನೆಲ್ಲ ಹೀರಿ ತೆಗೆದ ಉಕ್ಕಿನ ಡಬ್ಬಿಯೊಂದನ್ನು ಹಸುವಿನ ಕೊರಳಿಗೆ ಕಟ್ಟುತ್ತಾರೆ. ಅದರಿಂದ ಕೂದಲೆಳೆಯಂಥ ಕೊಳವೆ ಮೂಗಿನ ಪಕ್ಕಕ್ಕೆ ಬರುತ್ತದೆ. ಹಸು ಮೇಯಲಿ, ಮಲಗಲಿ, ಮೆಲುಕು ಹಾಕಲಿ, ಡಬ್ಬಿ ದಿನವಿಡೀ ಅದರ ಉಸಿರನ್ನು ಗುಟುಕು ಗುಟುಕಾಗಿ ಕುಡಿಯುತ್ತಿರುತ್ತದೆ. ಬೆಳಿಗ್ಗೆ ಹಾಲು ಕರೆಯುವಾಗ ಅದನ್ನು ಬಿಚ್ಚಿ ಹೊಸದನ್ನು ಕಟ್ಟಬೇಕು. ಬಿಚ್ಚಿದ ಡಬ್ಬಿಯಲ್ಲಿ ಮಿಥೇನ್ ಎಷ್ಟಿದೆ ಎಂದು ನೋಡಿದರೆ ಆ ಹಸುವಿನ ಲೆಕ್ಕ ಸಿಕ್ಕಿತು.

ಆದರೆ ಕೊಟ್ಟಿಗೆಯ ಗಾಳಿಯಲ್ಲೂ ಒಂದಿಷ್ಟು ಮಿಥೇನ್ ಇದ್ದೇ ಇರುತ್ತದಲ್ಲ. ಅದನ್ನು ಹಸುವಿನ ತಲೆಗೆ ಕಟ್ಟಬಾರದು. ಹಾಗಾಗಿ ಇನ್ನೊಂದು ಡಬ್ಬಿಯನ್ನು, ಯಾವ ಹಸುವಿಗೂ ಕಟ್ಟದೆ, ಗಾಳಿ ಒಳಗೆ ಬರುವ ಬಾಗಿಲ ಪಕ್ಕದ ಗೋಡೆಗೆ ನೇತುಹಾಕುತ್ತಾರೆ. ಹಸುವಿನ ಡಬ್ಬಿಯಲ್ಲಿ ಸಿಕ್ಕಿದ್ದರಿಂದ ಗೋಡೆ ಡಬ್ಬಿಯಲ್ಲಿ ಸಿಕ್ಕಿದ್ದನ್ನು ಕಳೆದರೆ ಉಳಿಯುವುದೇ ನಿಜವಾದ ತೇಗು. ಇಷ್ಟು ನೆನಪಿಟ್ಟುಕೊಳ್ಳಿ. ಒಬ್ಬ ದೊಡ್ಡ ಮನುಷ್ಯ ಬಿದ್ದದ್ದು ಈ ಕಳೆಯುವ ಲೆಕ್ಕದಲ್ಲೇ.

ಮೇಡಂ ಅವರ ಅಪ್ಪ ಬಸ್ ಡಿಪೋದಲ್ಲಿ ಪಂಕ್ಚರ್ ಹಾಕುತ್ತಿದ್ದವರು. ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಅದ್ದಿ, ಗುಳ್ಳೆ ಎಲ್ಲಿಂದ ಏಳುತ್ತದೆ ಎಂದು ಕಣ್ಣು ಕಿರಿದು ಮಾಡಿ ನೋಡುವುದನ್ನು ಮಗಳು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಕಲಿತಳು. ಮುಂದೆ ಡಾಕ್ಟರೇಟ್ ಬಂದರೂ, ಪ್ರತಿ ಡಬ್ಬಿಯನ್ನೂ ಬಕೆಟ್ ನೀರಿನಲ್ಲಿ ಅದ್ದಿ ಪರೀಕ್ಷಿಸುವುದನ್ನು ಬಿಡಲಿಲ್ಲ. "ಅದಕ್ಕೆ ಮೆಷಿನ್ ಇದೆ ಮೇಡಂ" ಎಂದು ಯಾರಾದರೂ ಹೇಳಿದರೆ, "ಮೆಷಿನ್‌ಗೆ ನಾಚಿಕೆ ಇಲ್ಲ, ಸುಳ್ಳು ಹೇಳಿಬಿಡತ್ತೆ" ಎನ್ನುತ್ತಿದ್ದರು.

ಅವರ ಕೊಟ್ಟಿಗೆಯಲ್ಲಿ ಒಂದು ಕಟ್ಟುನಿಟ್ಟಿತ್ತು. ತಪ್ಪಾದರೆ ಅಳಿಸಬಾರದು. ಕಂಪ್ಯೂಟರಿನ ಅಂಕಿಗಳನ್ನು ಪ್ರಯೋಗ ಮುಗಿಯುವವರೆಗೆ ಯಾರೂ ಮುಟ್ಟುವಂತಿಲ್ಲ. ಏನು ಕೆಟ್ಟಿತು, ಯಾವ ದಿನ, ಯಾರಿಂದ ಎನ್ನುವುದನ್ನು ಕೊಟ್ಟಿಗೆ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಬರೆಯಬೇಕು. ರಟ್ಟಿಗೆ ಸಗಣಿ ಮೆತ್ತಿದ, ಮೂಲೆ ಹಸು ನೆಕ್ಕಿ ಮೆತ್ತಗಾದ ಪುಸ್ತಕ ಅದು. ಕೊನೆಯಲ್ಲಿ ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಕೆಟ್ಟ ಅಂಕಿಗಳನ್ನು ತೆಗೆಯುವುದು.

ಬೇಲಿಯಲ್ಲಿ ತಾನಾಗಿ ಬೆಳೆಯುವ ಒಂದು ಗಿಡದ ಸೊಪ್ಪನ್ನು ಒಣಗಿಸಿ ಪುಡಿ ಮಾಡಿ ಹಿಂಡಿಗೆ ಬೆರೆಸಿದರೆ ಹಸುವಿನ ತೇಗಿನಲ್ಲಿ ಮಿಥೇನ್ ಕಡಿಮೆಯಾಗುತ್ತದೆ ಎಂದು ಕಂಡುಕೊಂಡದ್ದು ಮೇಡಂ. ಸೊಪ್ಪಿನ ಒಗರೇ ಮದ್ದು. ಹಿಡಿಯಷ್ಟು ಹಾಕಿದರೆ ಒಳ್ಳೆಯದು, ಹೆಚ್ಚಾದರೆ ಹಸು ಮೇವು ಬಿಡುತ್ತದೆ. ಆ ಹಿಡಿ ಎಷ್ಟಿರಬೇಕು ಎಂದು ಗೊತ್ತುಮಾಡಲು ಅವರಿಗೆ ಏಳು ವರ್ಷ ಹಿಡಿಯಿತು.

ಕೊನೆಯ ದೊಡ್ಡ ಪ್ರಯೋಗದ ನಡುವೆ ಅವರ ಅಮ್ಮನಿಗೆ ಆಪರೇಷನ್ ಆಯಿತು. ಮೂರು ವಾರ ರಜೆ. ಡಬ್ಬಿ ಬದಲಿಸುವ ಕೆಲಸ ಕೊಟ್ಟಿಗೆ ಮೇಸ್ತ್ರಿಗೆ ಬಿತ್ತು. ರಜೆ ಶುರುವಾದ ಮರುದಿನವೇ ಕೇಂದ್ರಕ್ಕೆ ಗಣ್ಯರ ಭೇಟಿ. ಕೇಂದ್ರದ ನಿರ್ದೇಶಕರನ್ನು ಅಲ್ಲಿ ದೊಡ್ಡವರು ಎನ್ನುತ್ತಾರೆ. ನಾನೂ ಹಾಗೇ ಎನ್ನುತ್ತೇನೆ, ಗೌರವಕ್ಕಲ್ಲ, ಗುರುತಿಗೆ. ದೊಡ್ಡವರು ಅಂದು ಬಾಗಿಲ ಬಳಿ ನಿಂತು, "ಇದೇನ್ರೀ ಇಲ್ಲಿ ಗಂಟೆ ಥರ ನೇತಾಡ್ತಿದೆ? ಬಂದವರ ತಲೆಗೆ ತಾಗಲ್ವಾ?" ಎಂದು ಗೋಡೆ ಡಬ್ಬಿಯನ್ನು ತಮ್ಮ ಕೈಯಾರೆ ತೆಗೆದು, ಹಿಂದಿನ ಗೋಡೆಯ ಮೊಳೆಗೆ ಸಿಕ್ಕಿಸಿದರು. ಆ ಮೊಳೆಯ ಪಕ್ಕದಲ್ಲೇ ಕಿಟಕಿ, ಕಿಟಕಿಯ ಕೆಳಗೆ ಸಗಣಿ ಗುಂಡಿ.

ಮೇಡಂ ವಾಪಸು ಬಂದವರು ಬಾಗಿಲಲ್ಲೇ ನಿಂತುಬಿಟ್ಟರು.

"ಡಬ್ಬಿ ಎಲ್ಲಿ ಮೇಸ್ತ್ರಿ?"

"ಹಿಂದಿದೆ ಮೇಡಂ."

"ಗುಂಡಿ ಪಕ್ಕ! ಯಾವ ಪುಣ್ಯಾತ್ಮ ಹಾಕಿದ್ದು?"

"ದೊಡ್ಡವರೇ."

"ನೀವು ಇಪ್ಪತ್ತು ದಿನ ಸುಮ್ಮನೆ ನೋಡ್ತಾ ಇದ್ರಾ?"

"ದಿನಾ ಬದಲಾಯಿಸಿದೀನಿ ಮೇಡಂ, ಅದೇ ಮೊಳೆಗೆ. ದೊಡ್ಡವರು ಕೈಯಾರೆ ಹಾಕಿದ್ದನ್ನ ನಾನು ಹೇಗೆ ಮುಟ್ಟಲಿ? ನನಗೂ ಹೆಂಡತಿ ಮಕ್ಕಳಿದಾರೆ."

ಮೂರು ವಾರ ಆ ಡಬ್ಬಿ ಕುಡಿದದ್ದು ಗುಂಡಿಯ ಗಾಳಿ. ಅದರ ತುಂಬ ಮಿಥೇನ್. ಅಷ್ಟನ್ನೂ ಹಸುವಿನ ಲೆಕ್ಕದಿಂದ ಕಳೆದರೆ ಹಸು ತೇಗಿಯೇ ಇಲ್ಲವೇನೋ ಎನ್ನುವಷ್ಟು ಸಾಧುವಾಗಿ ಕಾಣುತ್ತದೆ. ಪುಡಿ ಹಾಕುವ ಮೊದಲಿಗಿಂತ ಮಿಥೇನ್ ನೂರಕ್ಕೆ ಮೂವತ್ತೆಂಟು ಇಳಿದಿದೆ ಎಂದು ಕಂಪ್ಯೂಟರು ತೋರಿಸುತ್ತಿತ್ತು. ಮೇಡಂ ಕೆಂಪು ಶಾಯಿಯಲ್ಲಿ ಬರೆದರು: "ಗೋಡೆ ಡಬ್ಬಿ ಗುಂಡಿ ಪಕ್ಕ ಇತ್ತು. ಈ ಮೂರು ವಾರ ಲೆಕ್ಕಕ್ಕಿಲ್ಲ." ಡಬ್ಬಿಯನ್ನು ಬಾಗಿಲಿಗೆ ತಂದು ಮತ್ತೆ ಮೂರು ವಾರ ಅಳೆದರು. ನೂರಕ್ಕೆ ಹನ್ನೊಂದು ಬಂತು. ಕುಣಿದಾಡುವಂಥ ಅಂಕಿಯಲ್ಲ, ಆದರೆ ನಿಜ. ಅದರ ಕೆಳಗೆ ತಮ್ಮ ಹೆಸರು ಇರುತ್ತದೆ ಎನ್ನುವುದೊಂದೇ ಅವರ ಆಸೆ.

ಪ್ರಯೋಗ ಮುಗಿದ ಮರುದಿನ ದೊಡ್ಡವರು ಕರೆದು ಬಹಳ ಅಕ್ಕರೆಯಿಂದ ಮಾತಾಡಿದರು. "ಸುಸ್ತಾಗಿದೀರಿ. ನಿಮಗೊಂದು ಬದಲಾವಣೆ ಬೇಕು. ಕೋಳಿ ವಿಭಾಗ ನೋಡ್ಕೊಳ್ಳಿ."

ಆರು ತಿಂಗಳ ನಂತರ, ಮೊಟ್ಟೆ ತೂಗುವ ಮೇಜಿನ ಮುಂದೆ ಕೂತು ಮೇಡಂ ಸಂಶೋಧನಾ ಪತ್ರಿಕೆಯೊಂದನ್ನು ತೆರೆದರೆ, ಅವರ ಸೊಪ್ಪು, ಅವರ ಹಸು, ಅವರ ಡಬ್ಬಿ. ಬರೆದವರು ಮಾತ್ರ ದೊಡ್ಡವರು ಮತ್ತು ದೊಡ್ಡವರ ಅಳಿಯ. ಕೊನೆಯಲ್ಲಿ ಒಂದು ಸಾಲು: "ಕೊಟ್ಟಿಗೆಯ ಸಿಬ್ಬಂದಿಗೆ ಧನ್ಯವಾದ." ಇಪ್ಪತ್ತೆರಡು ವರ್ಷಕ್ಕೆ ಸಿಕ್ಕಿದ್ದು ಆ ಸಾಲಿನಲ್ಲೊಂದು ಪಾಲು, ಹಸು ತೊಳೆಯುವವರೊಂದಿಗೆ ಸಮಪಾಲು. ಹಸು ತೊಳೆಯುವವರಿಗಾದರೂ ಅದು ನ್ಯಾಯವೇ? ಅವರ ಹೆಸರೂ ಇಲ್ಲ.

ಪುಟ ತಿರುವಿದಾಗ ಮೂವತ್ತೆಂಟು ಕಂಡಿತು.

ಮೇಡಂ ಆ ಕ್ಷಣದಲ್ಲಿ ನಕ್ಕರು. ಕೋಳಿಗಳು ಬೆದರಿ ಗಲಾಟೆ ಮಾಡುವಷ್ಟು ಜೋರಾಗಿ ನಕ್ಕರು ಎಂದು ಅಲ್ಲಿದ್ದವರು ಹೇಳುತ್ತಾರೆ. ಕಳ್ಳ ಕಂಪ್ಯೂಟರಿನ ಅಂಕಿಗಳನ್ನು ಹೊತ್ತೊಯ್ದಿದ್ದ, ಸಗಣಿ ಮೆತ್ತಿದ ಪುಸ್ತಕವನ್ನು ಬಿಟ್ಟು ಹೋಗಿದ್ದ. ಅದನ್ನು ಮುಟ್ಟಿದರೆ ಕೈ ಕೊಳಕಾಗುತ್ತಿತ್ತಲ್ಲ! ಹನ್ನೊಂದರ ಪಕ್ಕದಲ್ಲಿ ಮೂವತ್ತೆಂಟು ಕಂಡಾಗ ಯಾಕೆ ಹೀಗೆ ಎಂದು ಕೇಳುವಷ್ಟು ವಿಜ್ಞಾನಿಯೂ ಅವನೊಳಗೆ ಉಳಿದಿರಲಿಲ್ಲ. ಚೆಂದ ಕಂಡದ್ದನ್ನು ಜೇಬಿಗಿಳಿಸಿದ.

ವಿಷಯ ಗೊತ್ತಾಗಿ ಮೇಸ್ತ್ರಿ ಕೈ ಕೈ ಹಿಸುಕಿಕೊಂಡ. "ಈಗಲೇ ಹೇಳಿಬಿಡಿ ಮೇಡಂ, ಪುಸ್ತಕ ಇದೆಯಲ್ಲ."

"ಈಗ ಹೇಳಿದ್ರೆ ಏನಾಗತ್ತೆ? 'ಸಣ್ಣ ತಿದ್ದುಪಡಿ' ಅಂತ ಒಂದು ಮೂಲೇಲಿ ಎರಡು ಸಾಲು ಬರತ್ತೆ. ತಪ್ಪು ನಿಮ್ಮ ಮೇಲೋ ನನ್ನ ಮೇಲೋ ಬರತ್ತೆ. ಇನ್ನೂ ಸ್ವಲ್ಪ ಹತ್ತಲಿ ಮೇಸ್ತ್ರಿ. ಗಿಡ್ಡ ಏಣಿಯಿಂದ ಬಿದ್ರೆ ಮೈ ಕೊಡವಿಕೊಂಡು ಎದ್ದುಬಿಡ್ತಾರೆ."

ದೊಡ್ಡವರು ಹತ್ತಿದರು. ಪುಡಿ ಚೀಲಕ್ಕೆ ತುಂಬಿ ಮಾರುಕಟ್ಟೆಗೆ ಬಂತು, ಚೀಲದ ಮೇಲೆ ಅವರದೇ ಮುಖ, ಪಕ್ಕದಲ್ಲಿ ಮೂವತ್ತೆಂಟು. ಸಂದರ್ಶನ, ಶಾಲು, ಭಾಷಣ. ದೇಶದ ಪಶು ವಿಜ್ಞಾನಿಗಳ ವಾರ್ಷಿಕ ಸಭೆಯಲ್ಲಿ ಅವರನ್ನು ದೊಡ್ಡ ಸಮಿತಿಯೊಂದರ ಅಧ್ಯಕ್ಷರೆಂದು ಸಾರುವುದು ನಿಕ್ಕಿಯಾಯಿತು. ಲೇಖನ ಬಂದಲ್ಲಿಂದ ಆ ಸಭೆಗೆ ಒಟ್ಟು ಒಂಬತ್ತು ತಿಂಗಳು. ಮೇಡಂ ಮೊಟ್ಟೆ ತೂಗುತ್ತ ದಿನ ಎಣಿಸಿದರು.

ಇಲ್ಲಿಯವರೆಗೆ ನಾನು ಪೂರ್ತಿಯಾಗಿ ಮೇಡಂ ಪಕ್ಷ. ಆರನೆಯ ತಿಂಗಳಲ್ಲಿ ಅವರ ಅಕ್ಕನ ಫೋನು ಬಂತು. ಅಕ್ಕನ ಮನೆಯಲ್ಲಿ ಆರು ಹಸು, ಅದೇ ಅವರ ಜೀವನ.

"ಲೇ, ಹಸುಗಳು ಮೇವು ಬಿಟ್ಟಿವೆ ಕಣೆ. ಸಗಣಿ ಕಲ್ಲಾಗಿದೆ. ಹಾಲು ಅರ್ಧಕ್ಕೆ ಬಂತು."

"ಏನು ಹಾಕ್ತಿದೀಯ?"

"ನಿಮ್ಮ ಆಫೀಸಿನದೇ ಪುಡಿ. ತೇಗು ಇಳಿದ್ರೆ ಹಾಲಿಗೆ ದುಡ್ಡು ಜಾಸ್ತಿ ಅಂತ ಡೇರಿಯವರು ಅಳೆಯೋಕೆ ಬಂದಿದ್ರು. ಒಂದು ಹಿಡಿಗೆ ಮೂವತ್ತೆಂಟು ಬರ್ಲಿಲ್ಲ ಅಂತ ಚೀಲ ಮಾರೋನು ಮೂರು ಹಿಡಿ ಹಾಕಿ ಅಂದ."

ಅಳತೆಗೆ ಬಂದವರಿಗೆ ಮೂವತ್ತೆಂಟು ಎಲ್ಲಿಂದ ಸಿಕ್ಕೀತು? ಅದು ಗುಂಡಿಯಲ್ಲಿತ್ತು, ಪುಡಿಯಲ್ಲಿರಲಿಲ್ಲ.

"ಈಗಲೇ ನಿಲ್ಲಿಸು ಅಕ್ಕ," ಎಂದರು ಮೇಡಂ. "ಒಂದು ವಾರದಲ್ಲಿ ಸರಿ ಹೋಗ್ತವೆ."

"ಅಬ್ಬ! ಸರಿ, ಪಕ್ಕದ ಮನೆಯವಳಿಗೂ ಹೇಳ್ತೀನಿ. ಪಾಪ, ಅವಳಿಗಿರೋದು ಒಂದೇ ಹಸು. ಅವಳೂ ಮೂರು ಹಿಡಿ ಹಾಕ್ತಿದಾಳೆ."

ಮೇಡಂ ಕೈಯಲ್ಲಿದ್ದ ಮೊಟ್ಟೆಯನ್ನು ಕೆಳಗಿಟ್ಟರು.

"ಬೇಡ ಅಕ್ಕ. ಬಾಯಿಂದ ಬಾಯಿಗೆ ಹೋಗಿ ಅವನ ಕಿವಿಗೆ ಬಿದ್ರೆ ಎಲ್ಲ ಸರಿಮಾಡ್ಕೊಂಡುಬಿಡ್ತಾನೆ. ಇನ್ನು ಮೂರೇ ತಿಂಗಳು. ನನಗೋಸ್ಕರ ಸುಮ್ಮನಿರು."

ಅಕ್ಕ ಸುಮ್ಮನಿದ್ದರು. ತಂಗಿ ಕೇಳಿದ್ದಾಳಲ್ಲ.

ಸಭೆಯ ದಿನ ಬಂತು. ತಂಪು ಹಾಲ್, ಮೆತ್ತನೆ ಕುರ್ಚಿ, ಎಲ್ಲರ ಕೊರಳಲ್ಲೂ ಹೆಸರಿನ ಚೀಟಿ. ದೊಡ್ಡವರ ಭಾಷಣ ಮುಗಿದು ಚಪ್ಪಾಳೆ ನಿಂತ ಮೇಲೆ, ಪ್ರಶ್ನೆ ಇದ್ದರೆ ಕೇಳಬಹುದು ಎಂದರು. ಹಿಂದಿನ ಸಾಲಿನಲ್ಲಿ ಮೇಡಂ ಎದ್ದರು.

"ಒಂದೇ ಪ್ರಶ್ನೆ ಸಾರ್. ಗೋಡೆ ಡಬ್ಬಿ ಎಲ್ಲಿ ನೇತುಹಾಕಿದ್ರಿ?"

"ಗೋಡೆ ಮೇಲೆ," ಎಂದರು ದೊಡ್ಡವರು. ಹಾಲ್ ನಕ್ಕಿತು. ಅವರೂ ನಕ್ಕರು.

"ಯಾವ ಗೋಡೆ ಸಾರ್?"

ದೊಡ್ಡವರು ಅಳಿಯನ ಕಡೆ ತಿರುಗಿದರು. ಆ ಡಬ್ಬಿಯನ್ನು ತಾವೇ ತೆಗೆದು ಸಿಕ್ಕಿಸಿದ್ದು ಅವರಿಗೆ ಇನ್ನೂ ನೆನಪಾಗಿರಲಿಲ್ಲ. ಅಳಿಯ ಚುರುಕು. ಮಾವನನ್ನು ಕಾಪಾಡುವ ಹುರುಪಿನಲ್ಲಿ, "ಫೋಟೋ ಇದೆ ಮಾವ, ತೋರಿಸ್ತೀನಿ" ಎಂದು ಗಣ್ಯರ ಭೇಟಿಯ ಫೋಟೋವನ್ನು ಪರದೆಗೆ ಹಾಕಿಯೇ ಬಿಟ್ಟ. ಹಸುವಿನ ಬೆನ್ನ ಮೇಲೆ ಕೈಯಿಟ್ಟು ನಿಂತ ದೊಡ್ಡವರು. ಅವರ ತಲೆಯ ಹಿಂದೆ ಮೊಳೆ, ಮೊಳೆಯಲ್ಲಿ ಡಬ್ಬಿ, ಪಕ್ಕದ ಕಿಟಕಿಯಾಚೆ ತುಂಬಿ ತುಳುಕುವ ಸಗಣಿ ಗುಂಡಿ. ಪರದೆಯ ಮೇಲೆ ಹಸುವಿನಷ್ಟೇ ದೊಡ್ಡದಾಗಿ.

ಅಲ್ಲಿ ಕೂತಿದ್ದವರೆಲ್ಲ ಬದುಕಿಡೀ ಡಬ್ಬಿ ಕಟ್ಟಿದವರು. ಯಾರಿಗೂ ವಿವರಿಸಬೇಕಾಗಲಿಲ್ಲ. ಮುಂದಿನ ಸಾಲಿನಲ್ಲಿ ಒಬ್ಬ ಮುದುಕ ಪ್ರೊಫೆಸರು "ಅಯ್ಯೋ ರಾಮ" ಎಂದದ್ದು ಮೈಕಿಗೆ ಕೇಳಿಸಿತು. ಮೇಡಂ ಚೀಲದಿಂದ ಕೊಟ್ಟಿಗೆ ಪುಸ್ತಕ ತೆಗೆದು, ಕೆಂಪು ಸಾಲನ್ನು ಓದಿ, ದಿನಾಂಕ ಹೇಳಿ, ಕೂತರು. ದೊಡ್ಡವರು ನೀರು ಕುಡಿದರು. ಮತ್ತೆ ಕುಡಿದರು. ಲೋಟ ಖಾಲಿಯಾದ ಮೇಲೂ ಕುಡಿಯುತ್ತಲೇ ಇದ್ದರು.

ಸಮಿತಿ ಹೋಯಿತು, ಕುರ್ಚಿ ಹೋಯಿತು, ಪತ್ರಿಕೆ ಲೇಖನವನ್ನು ಹಿಂದಕ್ಕೆ ಪಡೆಯಿತು. ಚೀಲಗಳ ಮೇಲಿದ್ದ ಮುಖ ಅಂಗಡಿಗಳಿಂದ ಮಾಯವಾಯಿತು. ಈಗ ಅವರು ಬೆಳಗಿನ ವಾಕಿಂಗಿಗೂ ಟೋಪಿ ಹಾಕಿಕೊಂಡು ಹೋಗುತ್ತಾರಂತೆ. ಹೋಗಲಿ. ಬಿಸಿಲು ಜಾಸ್ತಿ. ಮೇಡಂ ಕೊಟ್ಟಿಗೆಗೆ ಮರಳಿದರು. ಅವರ ಹನ್ನೊಂದು ಅವರದೇ ಹೆಸರಿನಲ್ಲಿ ಅಚ್ಚಾಯಿತು, ಪಕ್ಕದಲ್ಲಿ ಮೇಸ್ತ್ರಿಯ ಹೆಸರು.

ಇಲ್ಲಿಗೆ ನಿಲ್ಲಿಸಿದ್ದರೆ ನನಗೂ ಖುಷಿಯಾಗುತ್ತಿತ್ತು. ಆದರೆ ಅಕ್ಕ ಒಂದು ಬೆಳಿಗ್ಗೆ ಕೊಟ್ಟಿಗೆಗೆ ಬಂದರು. ತಂಗಿ ಪುಸ್ತಕ ಮುಂದಿಟ್ಟರು. ಕೆಂಪು ಶಾಯಿಯಲ್ಲಿ ಹೊಸ ಸಾಲು: "ಒಂಬತ್ತು ತಿಂಗಳು ಗೊತ್ತಿದ್ದೂ ಸುಮ್ಮನಿದ್ದೆ. ತಪ್ಪು ನನ್ನದು."

"ಇಲ್ಲಿ ಬರೆದ್ರೆ ಪಕ್ಕದ ಮನೆಯವಳ ಹಸು ಎದ್ದು ಬರತ್ತಾ?" ಎಂದರು ಅಕ್ಕ. "ಸಭೆಗೆ ಹತ್ತು ದಿನ ಮುಂಚೆ ಸತ್ತುಹೋಯ್ತು. ಬೇಲಿ ಆಚೆ ನಿಂತು ನಾನು ನೋಡ್ತಿದ್ದೆ, ನಿನ್ನ ಮಾತು ಬಾಯಲ್ಲಿ ಇಟ್ಕೊಂಡು. ಇನ್ನು ನನ್ನಿಂದ ಆಗಲ್ಲ. ನೀನೇ ಬಂದು ಹೇಳು."

ಮೇಡಂ ಹೋದರು. ಪಕ್ಕದ ಮನೆಯಾಕೆ ಹೊರಗೆ ಬಕೆಟ್ ತಿಕ್ಕುತ್ತಿದ್ದಳು. ಹಾಲಿನ ಬಕೆಟ್, ಈಗ ಅದರಲ್ಲಿ ಬಟ್ಟೆ ನೆನೆಸುತ್ತಾಳೆ. ಮೇಡಂ ನಿಂತುಕೊಂಡೇ ಎಲ್ಲ ಹೇಳಿದರು: ಡಬ್ಬಿ, ಗುಂಡಿ, ಮೂವತ್ತೆಂಟು, ಫೋನು. ಒಂದನ್ನೂ ಅಳಿಸಲಿಲ್ಲ.

ಆಕೆ ತಿಕ್ಕುವುದನ್ನು ನಿಲ್ಲಿಸದೆ ಕೇಳಿಸಿಕೊಂಡಳು. ಆಮೇಲೆ ಕೇಳಿದಳು, "ಅವನು ನಿಮ್ಮದು ಏನು ಕದ್ದ ಅಂದ್ರಿ?"

"ಹೆಸರು. ಇಪ್ಪತ್ತೆರಡು ವರ್ಷದ ಕೆಲಸ."

"ಅದಕ್ಕೆ ಒಂಬತ್ತು ತಿಂಗಳು ಕಾದು ಹೊಡೆದ್ರಿ."

"ಹೌದು."

ಆಕೆ ಬಕೆಟನ್ನು ಬೋರಲು ಹಾಕಿ ಎದ್ದು ನಿಂತಳು. ಸೆರಗಿಗೆ ಕೈ ಒರೆಸಿಕೊಂಡಳು.

"ಹಾಗಾದ್ರೆ ನಾನೆಷ್ಟು ಕಾಯಬೇಕು, ಎಷ್ಟು ಹೊಡೀಬೇಕು, ನೀವೇ ಹೇಳಿ ಅಮ್ಮ. ಅಳೆಯೋದು ನಿಮ್ಮ ಕೆಲಸ ಅಲ್ವಾ."

ಬಾಗಿಲು ಹಾಕಿಕೊಂಡಳು. ಮೇಡಂ ಆ ಅಂಗಳದಲ್ಲಿ ಎಷ್ಟು ಹೊತ್ತು ನಿಂತಿದ್ದರೆಂದು ಅಕ್ಕ ಬೇಲಿಯಾಚೆಯಿಂದ ನೋಡಿದ್ದಾರೆ, ಯಾರಿಗೂ ಹೇಳಿಲ್ಲ.